ಅಂಗೈಯಗಲದ ದಂಡನಾಯಕ

ಹಿರಿಯರನ್ನು ಹಿರಿದಾಗಿಯೇ ತೋರಿಸಬೇಕೆಂಬುದು ಲೋಕದ ರೂಢಿ. ಸೇನಾನಿಯೊಬ್ಬನ ಪ್ರತಿಮೆಯೆಂದೊಡನೆ ಎತ್ತರವಾದ ಕಲ್ಲಿನ ಪೀಠ, ಅದರ ಮೇಲೊಂದು ಕಂಚಿನ ಕುದುರೆ, ಕುದುರೆಯ ಮೇಲೆ ದಿಗಂತದತ್ತ ಕೈಚಾಚಿದ ವೀರ, ಇಷ್ಟು ನಮ್ಮ ಕಣ್ಣ ಮುಂದೆ ಬರುತ್ತದೆ. ಕೆಳಗೆ ನಿಂತು ಕತ್ತೆತ್ತಿ ನೋಡುವವನಿಗೆ ಕುದುರೆಯ ಗೊರಸು ಕಾಣುವಷ್ಟು ಸ್ಪಷ್ಟವಾಗಿ ಆ ವೀರನ ಮುಖ ಕಾಣುವುದಿಲ್ಲ. ಆದರೆ ಅದೇ ಸೇನಾನಿಯನ್ನು ಹೆಬ್ಬೆರಳಿನಷ್ಟಕ್ಕೆ ಇಳಿಸಿ, ಅಂಗೈಯ ಮೇಲೆ ನಿಲ್ಲಿಸಿಕೊಂಡು, ಅವನ ಕಣ್ಣಿನ ಬಣ್ಣದಿಂದ ಹಿಡಿದು ಬೂಟಿಗೆ ಹತ್ತಿದ ಕೆಸರಿನವರೆಗೆ ಎಲ್ಲವನ್ನೂ ಕುಂಚದ ತುದಿಯಿಂದ ವಿಚಾರಿಸುವ ಕಲೆಯೊಂದು ಯುರೋಪಿನಲ್ಲಿ ಬೆಳೆದುಬಂದಿದೆ. ಅದೇ ಸೈನಿಕ ಕಿರುಗೊಂಬೆಗಳಿಗೆ ಬಣ್ಣ ತುಂಬುವ ಕಲೆ.

ಮೇಲುನೋಟಕ್ಕೆ ಇದು ಮಕ್ಕಳಾಟದಂತೆ ತೋರಬಹುದು. ವಾಚಕರು ತುಸು ತಾಳ್ಮೆಯಿಂದ ನಮ್ಮೊಡನೆ ಬಂದರೆ, ಇದರಲ್ಲಿ ಕಣ್ಣಿಗೆ, ಕೈಗೆ ಇರುವಷ್ಟೇ ಕೆಲಸ ಮನಸ್ಸಿಗೂ ವಿವೇಕಕ್ಕೂ ಇದೆಯೆಂಬುದು ತಿಳಿದೀತು. ಉದಾಹರಣೆಗೆ ನಾವು ಆರಿಸಿಕೊಂಡಿರುವವನು ನೆಪೋಲಿಯನ್ನನ ಕಾಲದ ದಂಡನಾಯಕರಲ್ಲಿ ಕನ್ನಡ ನೆಲದ ಮಣ್ಣನ್ನು ತುಳಿದು ಹೋದ ಒಬ್ಬಾತ. ಅವನೇ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎಂದು ಹೆಸರಾದವನು.

ತವರದ ಸೈನಿಕರ ಪೂರ್ವಕಥೆ

ಜರ್ಮನಿಯ ನ್ಯೂರೆಂಬರ್ಗ್ ನಗರ ಈ ಗೊಂಬೆಗಳ ತವರುಮನೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ತವರದ ಕೆಲಸಗಾರರು ಸ್ಲೇಟುಕಲ್ಲಿನಲ್ಲಿ ಅಚ್ಚು ಕೊರೆದು, ಕರಗಿದ ಲೋಹ ಸುರಿದು, ಕಾಗದದಂತೆ ಚಪ್ಪಟೆಯಾದ ಸೈನಿಕರನ್ನು ತಯಾರಿಸುತ್ತಿದ್ದರು. ಹಿಲ್ಪರ್ಟ್ ಎಂಬಾತ ೧೭೭೭ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕ್‌ನ ಗೊಂಬೆಯನ್ನು ಮಾಡಿದ್ದುಂಟು. ೧೮೩೯ರಲ್ಲಿ ಹೈನ್ರಿಕ್ಸನ್ ಎಂಬಾತ ಅದೇ ಊರಿನಲ್ಲಿ ತನ್ನ ಕಾರ್ಯಾಗಾರವನ್ನು ತೆರೆದನು. ಅವನು ಅನುಸರಿಸಿದ ಸುಮಾರು ೩೦ ಮಿ.ಮೀ. ಎತ್ತರವೇ ಮುಂದೆ ಚಪ್ಪಟೆ ಗೊಂಬೆಗಳ ಅಳತೆಯಾಗಿ ನೆಲೆನಿಂತಿತು. ೧೮೯೩ರಲ್ಲಿ ಇಂಗ್ಲೆಂಡಿನ ಬ್ರಿಟನ್ ಮನೆತನದವರು ಇನ್ನೊಂದು ಉಪಾಯ ಕಂಡುಹಿಡಿದರು. ಕರಗಿದ ಸೀಸವನ್ನು ಅಚ್ಚಿಗೆ ಹೊಯ್ದು, ಹೊರಗಿನ ಪದರ ಗಟ್ಟಿಯಾದೊಡನೆ ಒಳಗಿನದನ್ನು ಬಗ್ಗಿಸಿ ತೆಗೆಯುವ ಪೊಳ್ಳು ಎರಕದ ವಿಧಾನವದು. ಲೋಹ ಉಳಿಯಿತು, ತೂಕ ಇಳಿಯಿತು, ಬೆಲೆಯೂ ಇಳಿಯಿತು. ಸೀಸದ ಸೈನಿಕರು ಸಾಮಾನ್ಯರ ಮನೆಯನ್ನೂ ಹೊಕ್ಕರು. ಆ ಗೊಂಬೆಗಳ ಎತ್ತರ ೫೪ ಮಿ.ಮೀ. ಇಂದಿಗೂ ಬಣ್ಣಗಾರರು ಅತ್ಯಂತ ಮೆಚ್ಚುವ ಅಳತೆಗಳಲ್ಲಿ ಇದು ಒಂದು.

ಸೀಸವು ವಿಷವೆಂಬ ಅರಿವು ಬಲಿತಂತೆ ಮಕ್ಕಳ ಆಟಿಕೆಯಾಗಿ ಅದರ ಬಳಕೆ ನಿಂತಿತು. ಇಂದು ಪ್ಲಾಸ್ಟಿಕ್, ರಾಳದ ಜಾತಿಯ ರೆಸಿನ್, ಬಿಳಿಲೋಹ ಎಂಬ ತವರದ ಮಿಶ್ರಲೋಹ, ಇವುಗಳಲ್ಲಿ ಗೊಂಬೆಗಳು ಬರುತ್ತವೆ. ಆಟದ ಸಾಮಾನಾಗಿದ್ದುದು ಕ್ರಮೇಣ ಪ್ರೌಢರ ಹವ್ಯಾಸವಾಯಿತು, ಹವ್ಯಾಸವು ಕಲೆಯಾಯಿತು.

ಯಾವ ವರ್ಷದ ವೆಲ್ಲೆಸ್ಲಿ?

ಬಣ್ಣದ ಡಬ್ಬಿಯನ್ನು ತೆರೆಯುವ ಮುನ್ನ ಬಣ್ಣಗಾರನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಈತ ಯಾರು ಎಂಬುದಲ್ಲ. ಈತ ಯಾವ ವರ್ಷದವನು ಎಂಬುದು. ಮನುಷ್ಯನೊಬ್ಬನೇ ಆದರೂ ಕಾಲಕ್ಕೊಂದು ವೇಷ, ವೇಷಕ್ಕೊಂದು ಮುಖ.

ವೆಲ್ಲೆಸ್ಲಿಯು ಹುಟ್ಟಿದ್ದು ೧೭೬೯ರಲ್ಲಿ, ಐರ್ಲೆಂಡಿನಲ್ಲಿ. ಅವನ ಎದುರಾಳಿ ನೆಪೋಲಿಯನ್ ಹುಟ್ಟಿದ್ದೂ ಅದೇ ವರ್ಷ. ೧೭೯೭ರಲ್ಲಿ ಆತ ತನ್ನ ಮೂವತ್ತಮೂರನೆಯ ರೆಜಿಮೆಂಟಿನೊಡನೆ ಕಲ್ಕತ್ತೆಗೆ ಬಂದಿಳಿದನು. ೧೭೯೯ರ ಏಪ್ರಿಲ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊರವಲಯದ ಸುಲ್ತಾನಪೇಟೆಯ ತೋಪಿನಲ್ಲಿ ಅವನು ನಡೆಸಿದ ರಾತ್ರಿಯ ದಾಳಿ ಕತ್ತಲೆಯಲ್ಲಿ ದಿಕ್ಕುಗೆಟ್ಟು ವಿಫಲವಾಯಿತು. ಅವನ ಕಡೆಯ ಕೆಲವು ಸೈನಿಕರು ಸೆರೆಸಿಕ್ಕಿ ಪ್ರಾಣ ಕಳೆದುಕೊಂಡರು. ಮೇ ೪ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ ಪಟ್ಟಣದ ಆಡಳಿತ ವೆಲ್ಲೆಸ್ಲಿಯ ಕೈಗೆ ಬಂದಿತು. ಅವನು ವಾಸವಾಗಿದ್ದುದು ಇಂದು ನಾವು ನೀವೆಲ್ಲ ನೋಡಿಬರುವ ದರಿಯಾ ದೌಲತ್ ಅರಮನೆಯಲ್ಲಿ.

ಮರುವರ್ಷ ಅವನು ಬೆನ್ನಟ್ಟಿದ್ದು ಚನ್ನಗಿರಿಯ ಮೂಲದ ಧೋಂಡಿಯಾ ವಾಘನನ್ನು. ೧೮೦೦ನೆಯ ಸೆಪ್ಟೆಂಬರ್ ೧೦ರಂದು ಕೋಣಗಲ್ ಎಂಬ ಹಳ್ಳಿಯ ಬಳಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದಾಳಾಗಿ ನುಗ್ಗಿದನು. ಧೋಂಡಿಯಾ ಹತನಾದನು. ಈ ಬೆನ್ನಟ್ಟುವಿಕೆಯಲ್ಲಿ ಸೈನ್ಯದ ಭಾರ ಹೊತ್ತದ್ದು ಮೈಸೂರಿನ ಅಮೃತಮಹಲ್ ಎತ್ತುಗಳು. ಮುಂದೆ ಸ್ಪೇನು, ಪೋರ್ಚುಗಲ್ಲುಗಳ ಯುದ್ಧದಲ್ಲಿ ಸಾಮಾನು ಸಾಗಿಸಲು ಪರದಾಡುವಾಗ, ಆ ಎತ್ತುಗಳು ಇಲ್ಲಿಲ್ಲವಲ್ಲಾ ಎಂದು ಆತ ಹಲಬುತ್ತಿದ್ದನೆಂದು ಮೈಸೂರಿನ ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ.

ಈ ವರ್ಷಗಳ ವೆಲ್ಲೆಸ್ಲಿಯನ್ನು ಗೊಂಬೆಯಾಗಿಸುವುದಾದರೆ ಅವನ ಕೋಟು ಕೆಂಪು. ರಾಬರ್ಟ್ ಹೋಮ್ ಎಂಬ ಚಿತ್ರಕಾರ ೧೮೦೪ರಲ್ಲಿ ಭಾರತದಲ್ಲಿಯೇ ಬಿಡಿಸಿದ ಭಾವಚಿತ್ರದಲ್ಲಿ ಅವನು ಮೇಜರ್ ಜನರಲ್ ದರ್ಜೆಯ ಕೆಂಪು ಕೋಟಿನಲ್ಲಿದ್ದಾನೆ. ಆದರೆ ೧೮೧೫ರ ಜೂನ್ ೧೮ರಂದು ಬೆಲ್ಜಿಯಮ್ಮಿನ ವಾಟರ್ಲೂ ರಣಭೂಮಿಯಲ್ಲಿ, ಕೆಂಪು ಕೋಟಿನ ಸಾವಿರಾರು ಸೈನಿಕರ ನಡುವೆ ಅವರ ದಂಡನಾಯಕನು ತೊಟ್ಟಿದ್ದುದು ಜರಿಯಿಲ್ಲದ ಸಾದಾ ಗಾಢನೀಲಿ ಕೋಟು. ಮೇಲೊಂದು ನೀಲಿ ನಿಲುವಂಗಿ, ಮಳೆ ಬಂದಾಗ ಹೊದೆಯಲು, ನಿಂತಾಗ ತೆಗೆಯಲು. ಬಿಳಿಯ ಚರ್ಮದ ಚಲ್ಲಣ, ಕುತ್ತಿಗೆಗೆ ಬಿಳಿಯ ವಸ್ತ್ರ, ಕುಚ್ಚುಳ್ಳ ಕರಿಯ ಬೂಟು. ತಲೆಯ ಮೇಲೆ ಗರಿಯಿಲ್ಲದ ಮಡಿಕೆಯ ಟೋಪಿ. ಆ ಟೋಪಿಯಲ್ಲಿ ಇಂಗ್ಲೆಂಡಿನ ಕರಿಯ ಪದಕಪಟ್ಟಿಯ ಜೊತೆಗೆ ಸ್ಪೇನ್, ಪೋರ್ಚುಗಲ್, ನೆದರ್ಲೆಂಡ್ಸ್ ದೇಶಗಳ ಮೂರು ಕಿರಿಯ ಪಟ್ಟಿಗಳು. ತನ್ನ ದೊಡ್ಡಸ್ತಿಕೆಯನ್ನು ತೋರಿಸಲು ಅವನಿಗೆ ಇಷ್ಟೇ ಸಾಕಾಗಿತ್ತು.

ಕೆಂಪು ಕೋಟಿನ ವೆಲಿಂಗ್ಟನ್ನನನ್ನು ವಾಟರ್ಲೂವಿನ ಕೆಸರಿನಲ್ಲಿ ನಿಲ್ಲಿಸಿದರೆ ನೋಡುವ ಕಣ್ಣಿಗೆ ಚೆಂದವೇ ಇದ್ದೀತು. ಆದರೆ ಅದು ಸುಳ್ಳಾಗುತ್ತದೆ. ಚೆಂದಕ್ಕಾಗಿ ಸುಳ್ಳನ್ನು ಒಪ್ಪಿಕೊಳ್ಳುವುದೋ, ಸತ್ಯಕ್ಕಾಗಿ ಸಾದಾತನವನ್ನು ಒಪ್ಪಿಕೊಳ್ಳುವುದೋ ಎಂಬ ಪ್ರಶ್ನೆ ಕುಂಚ ಹಿಡಿಯುವ ಮೊದಲೇ ಎದುರಾಗುತ್ತದೆ.

ಮೊದಲು ತೊಳೆಯುವ ಕೆಲಸ

ಗೊಂಬೆ ಕೈಗೆ ಬಂದೊಡನೆ ಬಣ್ಣ ಬಳಿಯಲು ಹೊರಡುವುದು ಆತುರಗೇಡಿಗಳ ಲಕ್ಷಣ. ಅಚ್ಚಿನ ಎರಡು ಭಾಗಗಳು ಕೂಡಿದ ಕಡೆ ಗೊಂಬೆಯ ಮೈಮೇಲೆ ಸಣ್ಣ ಏಣು ಉಳಿದಿರುತ್ತದೆ. ಅದನ್ನು ನಯವಾದ ಅರದಿಂದ ಉಜ್ಜಿ ತೆಗೆಯಬೇಕು. ಎರಕ ಬಿಟ್ಟುಬರಲೆಂದು ಅಚ್ಚಿಗೆ ಸವರಿದ ಜಿಡ್ಡಿನ ಅಂಶವು ಗೊಂಬೆಗೂ ಅಂಟಿರುವುದರಿಂದ ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದು ಒಣಗಿಸಬೇಕು. ತೊಳೆಯದ ಗೊಂಬೆಗೆ ಬಳಿದ ಬಣ್ಣ ತಿಂಗಳೊಪ್ಪತ್ತಿನಲ್ಲಿ ಸಿಪ್ಪೆ ಎದ್ದುಬರುತ್ತದೆ.

ರೆಸಿನ್ನಿನ ಗೊಂಬೆಯನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಡುಕು. ಆದ್ದರಿಂದ ಅದನ್ನು ನೀರಿನಲ್ಲಿ ಅದ್ದಿ ಉಜ್ಜುವುದು, ಮೂಗುಬಾಯಿಗೆ ಮುಸುಕು ಕಟ್ಟಿಕೊಳ್ಳುವುದು ಕ್ಷೇಮ. ಹಳೆಯ ಸೀಸದ ಗೊಂಬೆಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರಬಾರದು. ಅಂಥದನ್ನು ಎಳೆಯ ಮಕ್ಕಳ ಕೈಗೆ ಕೊಡಲೇಬಾರದು.

ಕೈ, ಕತ್ತಿ, ಟೋಪಿ ಬಿಡಿಯಾಗಿ ಬಂದಿದ್ದರೆ ಫೆವಿಕ್ವಿಕ್‌ನಂತಹ ಅಂಟಿನಿಂದ ಕೂಡಿಸಬಹುದು. ಭಾರದ ಭಾಗವಾದರೆ ಎರಡೂ ಕಡೆ ಸಣ್ಣ ರಂಧ್ರ ಕೊರೆದು, ನಡುವೆ ತಂತಿಯ ಚೂರಿಟ್ಟು, ಅರಾಲ್ಡೈಟ್‌ನಿಂದ ಬಿಗಿಯಬೇಕು. ಸಂದುಗಳನ್ನು ಎಂ-ಸೀಲ್ ಜಾತಿಯ ಹಿಟ್ಟಿನಿಂದ ತುಂಬಿ, ಒದ್ದೆ ಬೆರಳಿನಿಂದ ಸವರಿದರೆ ಗಾಯ ಮಾಯ್ದಂತೆ ಸಮವಾಗುತ್ತದೆ. ಬಳಿಕ ಗೊಂಬೆಯನ್ನು ಬಿರಡೆಯ ಅಥವಾ ಮರದ ತುಂಡಿನ ಮೇಲೆ ಕೂರಿಸಿ, ಆ ತುಂಡನ್ನೇ ಹಿಡಿದು ಕೆಲಸ ಮಾಡಬೇಕು. ಮುಗಿಯುವವರೆಗೆ ಬೆರಳು ಗೊಂಬೆಯನ್ನು ಮುಟ್ಟಬಾರದು. ಗಾಳಿಯಾಡುವ ಕಡೆ ತೆಳುವಾಗಿ ಬೂದು ಬಣ್ಣದ ಪ್ರೈಮರ್ ಸಿಂಪಡಿಸಿ ಒಂದು ದಿನ ಬಿಟ್ಟರೆ, ಉಳಿದಿದ್ದ ಗೀರುಗಳೆಲ್ಲ ಕಣ್ಣಿಗೆ ಬೀಳುತ್ತವೆ. ಪ್ರೈಮರ್ ಮುಚ್ಚಿಡುವುದಕ್ಕಿಂತ ತೋರಿಸಿಕೊಡುವುದೇ ಹೆಚ್ಚು.

ಬೆಳಕನ್ನೂ ಬಣ್ಣದಿಂದಲೇ ಬರೆಯುವುದು

೫೪ ಮಿ.ಮೀ. ಗೊಂಬೆಯೆಂದರೆ ನಿಜ ಮನುಷ್ಯನ ಮೂವತ್ತೆರಡನೆಯ ಒಂದು ಭಾಗ. ಸುಮಾರು ೩೦ ಮಿ.ಮೀ. ಅಗಲದ ಮಾನವನ ಕಣ್ಣು ಇಲ್ಲಿ ಒಂದು ಮಿ.ಮೀ.ಗೂ ಕಡಿಮೆ. ಇಷ್ಟು ಚಿಕ್ಕ ವಸ್ತುವಿನ ಮೇಲೆ ಕೋಣೆಯ ಬೆಳಕು ಬಿದ್ದಾಗ, ಬಟ್ಟೆಯ ಮಡಿಕೆಗಳಲ್ಲಿ ನಿಜ ಮನುಷ್ಯನ ಮೈಮೇಲಿನಂತೆ ಗಾಢವಾದ ನೆರಳು ಮೂಡುವುದಿಲ್ಲ. ಹೀಗಾಗಿ ಸೂರ್ಯನು ಮಾಡಬೇಕಾದ ಕೆಲಸವನ್ನು ಬಣ್ಣಗಾರನೇ ಮಾಡಬೇಕಾಗುತ್ತದೆ. ಸೂರ್ಯನು ನೆತ್ತಿಯ ಮೇಲಿದ್ದಾನೆಂದು ಭಾವಿಸಿ, ಭುಜದ ಮೇಲ್ಭಾಗಕ್ಕೆ ತಿಳಿಬಣ್ಣ, ಕಂಕುಳಿಗೆ, ಕೋಟಿನ ಅಂಚಿನ ಕೆಳಗೆ ಕಪ್ಪುಬೆರೆತ ಬಣ್ಣ, ನಡುವೆ ಮೂಲಬಣ್ಣ ಎಂದು ಹಂತಹಂತವಾಗಿ ಬರೆಯಬೇಕು. ಒಂದು ಹಂತದಿಂದ ಇನ್ನೊಂದಕ್ಕೆ ಜಾರುವಾಗ ಗೆರೆ ಕಾಣಬಾರದು. ಅದಕ್ಕಾಗಿ ಬಣ್ಣವನ್ನು ಹಾಲಿಗಿಂತ ತೆಳುವಾಗಿಸಿ, ಒಂದರ ಮೇಲೊಂದು ಪದರವಾಗಿ, ಪ್ರತಿ ಪದರ ಒಣಗಿದ ಮೇಲೆಯೇ ಮತ್ತೊಂದನ್ನು ಹಚ್ಚುವುದು ಕ್ರಮ.

ನೀಲಿ ಕೋಟು ಬಲು ಮೋಸದ್ದು. ನೀಲಿಗೆ ಬಿಳಿ ಬೆರೆಸಿ ತಿಳಿ ಮಾಡಿದರೆ ಆಕಾಶನೀಲಿಯಾಗಿ ದಂಡನಾಯಕನು ನಾಟಕದ ಪಾತ್ರಧಾರಿಯಂತೆ ಕಾಣುತ್ತಾನೆ. ನೀಲಿಗೆ ತುಸು ಬೂದು, ತುಸು ಮೈಬಣ್ಣ ಬೆರೆಸಿದರೆ ಬಿಸಿಲಿಗೆ ಮಾಸಿದ ಉಣ್ಣೆಬಟ್ಟೆಯ ಕಳೆ ಬರುತ್ತದೆ. ಆ ಕಾಲದ ನೀಲಿ ಉಣ್ಣೆ ನೀಲಿಗಿಡದ ಬಣ್ಣದಲ್ಲಿ ಅದ್ದಿದ್ದು. ಅದು ಕಪ್ಪಿಗೆ ಸಮೀಪದ ನೀಲಿ. ಹಾಗೆಯೇ ಬಿಳಿಯ ಚಲ್ಲಣಕ್ಕೆ ಬಿಳಿಯನ್ನೇ ಬಳಿಯಬಾರದು. ತಿಳಿಬೂದಿಗೆ ಕೆನೆಬಣ್ಣ ಬೆರೆಸಿ ಹಚ್ಚಿ, ಮಂಡಿಯ ಮೇಲೆ, ತೊಡೆಯ ಉಬ್ಬಿನ ಮೇಲೆ ಮಾತ್ರ ಅಚ್ಚ ಬಿಳಿಯನ್ನು ಮುಟ್ಟಿಸಬೇಕು. ಕರಿಯ ಬೂಟಿಗೆ ಅಚ್ಚ ಕಪ್ಪು ಬೇಡ. ದೂರದ ವಸ್ತುವಿನ ಬಣ್ಣ ಕಣ್ಣಿಗೆ ತುಸು ಮಸುಕಾಗಿ ಕಾಣುವುದು ಪ್ರಕೃತಿಧರ್ಮ. ಗೊಂಬೆಯೂ ದೂರದಲ್ಲಿ ನಿಂತ ಮನುಷ್ಯನಂತೆಯೇ ಕಾಣಬೇಕಲ್ಲವೆ? ಬಂಗಾರದ ಗುಂಡಿಗಳಿಗೆ ಮೊದಲು ಕಾವಿ, ಅದರ ಮೇಲೆ ಬಂಗಾರ, ಕೊನೆಗೆ ಸಂದಿಗೆ ಇಳಿಯುವಂತೆ ಕಂದುನೀರು.

ಕುಂಚದ ವಿಷಯದಲ್ಲಿ ಒಂದು ತಪ್ಪುಕಲ್ಪನೆಯಿದೆ. ಚಿಕ್ಕ ಕೆಲಸಕ್ಕೆ ಅತಿ ಚಿಕ್ಕ ಕುಂಚವೇ ಬೇಕೆಂದು ಹೊಸಬರು ಭಾವಿಸುತ್ತಾರೆ. ಕೂದಲೆರಡರ ಕುಂಚದಲ್ಲಿ ಬಣ್ಣ ನಿಲ್ಲುವುದೇ ಇಲ್ಲ. ಗೊಂಬೆಯನ್ನು ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ಹೊಟ್ಟೆ ತುಂಬಿದ, ತುದಿ ಸೂಜಿಯಂತಿರುವ ಒಂದನೆಯ ನಂಬರಿನ ಕುಂಚವೊಂದಿದ್ದರೆ ಮುಕ್ಕಾಲುಪಾಲು ಕೆಲಸ ಸಾಗುತ್ತದೆ. ಸೈಬೀರಿಯದ ಪ್ರಾಣಿಯೊಂದರ ಬಾಲದ ರೋಮದ ಕುಂಚಗಳನ್ನು ಬಣ್ಣಗಾರರು ಬಹಳವಾಗಿ ಹೊಗಳುತ್ತಾರೆ. ಪ್ರಾಣಿಯ ರೋಮ ಒಲ್ಲದ ನಮ್ಮಂತಹ ಮನೆಗಳಿಗೆ ಕೃತಕ ನೂಲಿನ ಕುಂಚಗಳೂ ದೊರೆಯುತ್ತವೆ. ತುದಿ ಬೇಗ ಬಾಗುತ್ತದೆಂಬುದಷ್ಟೇ ಕೊರತೆ.

ಕುದುರೆಯ ಋಣ

ವಾಟರ್ಲೂವಿನಲ್ಲಿ ವೆಲಿಂಗ್ಟನ್ ಏರಿದ್ದ ಕುದುರೆಯ ಹೆಸರು ಕೋಪನ್‌ಹೇಗನ್. ೧೮೦೮ರಲ್ಲಿ ಹುಟ್ಟಿದ ಅದು ಅಂದು ಬೆಳಗಿನಿಂದ ರಾತ್ರಿಯವರೆಗೆ ಒಡೆಯನನ್ನು ಹೊತ್ತು ರಣಭೂಮಿಯ ಮೂಲೆಮೂಲೆಗೂ ಓಡಿತು. ಕತ್ತಲಾದ ಮೇಲೆ ಕೆಳಗಿಳಿದು ಡ್ಯೂಕನು ಮೆಚ್ಚುಗೆಯಿಂದ ತಟ್ಟಲು ಹೋದಾಗ, ಅದು ಹಿಂಗಾಲು ಝಾಡಿಸಿ ಒದೆಯಿತಂತೆ, ಕೂದಲೆಳೆಯಲ್ಲಿ ತಪ್ಪಿತು. ದಿನವಿಡೀ ಫಿರಂಗಿಗಳು ಮಾಡಲಾಗದ್ದನ್ನು ಅದರ ಕಾಲು ಒಂದು ಕ್ಷಣದಲ್ಲಿ ಮಾಡಿಬಿಡುತ್ತಿತ್ತು. ೧೮೩೬ರಲ್ಲಿ ಅದು ಸತ್ತಾಗ ಸೈನಿಕ ಮರ್ಯಾದೆಯೊಡನೆ ಡ್ಯೂಕನ ಎಸ್ಟೇಟಿನಲ್ಲಿಯೇ ಮಣ್ಣುಮಾಡಿದರು.

ಈ ಕುದುರೆಯದು ಕಂದುಗೆಂಪು ಬಣ್ಣ. ಈ ಜಾತಿಯ ಬಣ್ಣದಲ್ಲಿ ಕೇಸರವೂ ಬಾಲವೂ ಮೈಬಣ್ಣದ್ದೇ ಆಗಿರುತ್ತವೆ, ಅಥವಾ ಇನ್ನೂ ತಿಳಿಯಾಗಿರುತ್ತವೆ. ಕರಿಯ ಕೇಸರ, ಕರಿಯ ಕಾಲು ಇದ್ದರೆ ಅದು ಬೇರೆಯ ಬಣ್ಣದ ಕುದುರೆ. ಅಭ್ಯಾಸಬಲದಿಂದ ಕೇಸರಕ್ಕೆ ಕಪ್ಪು ಬಳಿದವನು ಕೋಪನ್‌ಹೇಗನ್ನನ್ನಲ್ಲ, ಮತ್ತಾವುದೋ ಕುದುರೆಯನ್ನು ಬರೆದಂತಾಯಿತು. ಕುದುರೆಗೆ ತೈಲವರ್ಣ ಒಪ್ಪುತ್ತದೆ. ಮೊದಲು ಕಿತ್ತಳೆ ಬೆರೆತ ಹಳದಿಯ ತಳಬಣ್ಣ ಹಚ್ಚಿ ಒಣಗಿಸಿ, ಮೇಲೆ ಕೆಂಗಂದು ತೈಲವರ್ಣವನ್ನು ಪೂರ್ತಿಯಾಗಿ ಸವರಬೇಕು. ಬಳಿಕ ಸ್ಪಂಜಿನ ಚೂರಿನಿಂದ ಮೆಲ್ಲಗೆ ಒರೆಸುತ್ತ ಬಂದರೆ ಉಬ್ಬಿದ ಸ್ನಾಯುಗಳ ಮೇಲೆ ತಳಬಣ್ಣ ಹೊಳೆದು, ತಗ್ಗುಗಳಲ್ಲಿ ಕಂದು ನಿಲ್ಲುತ್ತದೆ. ಹಿಂದಿನ ರಾತ್ರಿ ಧಾರಾಕಾರ ಮಳೆ ಸುರಿದಿತ್ತು. ನೆಲ ತುಸು ಆರಲೆಂದು ನೆಪೋಲಿಯನ್ ಯುದ್ಧವನ್ನು ಹೊತ್ತೇರುವವರೆಗೆ ತಡೆದಿದ್ದನು. ಆದ್ದರಿಂದ ಕುದುರೆಯ ಕಾಲಿಗೂ ಹೊಟ್ಟೆಗೂ ಕೆಸರು ಬೇಕೇ ಬೇಕು. ಪೀಠದ ಮೇಲೆ ತುಳಿದು ನೆಲಕ್ಕೊರಗಿದ ರೈ ಪೈರೂ ಇರಬೇಕು. ಯಾವ ರೈತನೋ ಬಿತ್ತಿದ ಪೈರು ಅದು.

ಮುಖ ಬರೆಯುವಾಗ

ಮುಖವೇ ಗೊಂಬೆಯ ಜೀವ. ಮೈಬಣ್ಣದ ತಳಹದಿಯ ಮೇಲೆ ಮೊದಲು ಕಣ್ಣನ್ನು ಬರೆಯುವುದು ಒಳ್ಳೆಯದು. ಕೈ ಜಾರಿದರೂ ಸುತ್ತ ತಿದ್ದಬಹುದು. ಕಣ್ಣಿನ ಬಿಳಿಭಾಗಕ್ಕೆ ಅಚ್ಚ ಬಿಳಿ ಕೂಡದು, ಮಾಸಲು ಬಿಳಿ ಸಾಕು. ಪಾಪೆಯ ತಲೆಭಾಗವನ್ನು ಮೇಲಿನ ರೆಪ್ಪೆ ಮುಚ್ಚಿರಬೇಕು. ಇಲ್ಲವಾದರೆ ದಂಡನಾಯಕನು ಬೆಚ್ಚಿಬಿದ್ದವನಂತೆ ಕಾಣುತ್ತಾನೆ. ಕಣ್ಣಗುಳಿ, ಮೂಗಿನ ಬುಡ, ಕೆಳದುಟಿಯ ಅಡಿ, ಇಲ್ಲೆಲ್ಲ ಕೆಂಗಂದು ನೆರಳು. ಕೆನ್ನೆಯ ಮೂಳೆ, ಮೂಗಿನ ದಿಂಡು, ಗಲ್ಲ, ಇಲ್ಲಿ ತಿಳಿಬೆಳಕು. ಕ್ಷೌರ ಮಾಡಿದ ಗದ್ದಕ್ಕೆ ನೀರಿನಂತಹ ನೀಲಿಬೂದು. ವೆಲಿಂಗ್ಟನ್ನನ ಮೂಗಂತೂ ಹದ್ದಿನ ಕೊಕ್ಕಿನಂತೆ ಬಾಗಿದ್ದು, ಸೈನಿಕರು ಆ ಮೂಗಿನಿಂದಲೇ ಅವನಿಗೊಂದು ಅಡ್ಡಹೆಸರು ಇಟ್ಟಿದ್ದರು.

ಮಾದರಿಗೆ ಭಾವಚಿತ್ರಗಳಿಗೇನೂ ಬರವಿಲ್ಲ. ೧೮೧೨ರಲ್ಲಿ ಸ್ಪೇನಿನ ಗೋಯಾ ಬರೆದ ಚಿತ್ರವಿದೆ. ಅದರಲ್ಲಿ ದಣಿದ ಕಣ್ಣು, ತುಸು ತೆರೆದ ಬಾಯಿ. ಇಂಗ್ಲೆಂಡಿನ ಥಾಮಸ್ ಲಾರೆನ್ಸ್ ಬರೆದ ಚಿತ್ರಗಳಿವೆ. ಅವುಗಳಲ್ಲಿ ಗಂಭೀರವಾದ, ತೊಳೆದು ಒರೆಸಿದಂತಹ ಮುಖ. ಹೆಚ್ಚಿನ ಬಣ್ಣಗಾರರು ಹಿಡಿಯುವುದು ಈ ಎರಡನೆಯ ದಾರಿಯನ್ನೇ. ಆದರೆ ಯುದ್ಧದ ಮರುದಿನ ನಸುಕಿನಲ್ಲಿ ಕಂಡ ಇನ್ನೊಂದು ಮುಖವಿದೆ. ಅದನ್ನು ಯಾವ ಚಿತ್ರಕಾರನೂ ಎದುರು ಕುಳಿತು ಬರೆಯಲಿಲ್ಲ; ಜಾನ್ ಹ್ಯೂಮ್ ಎಂಬ ವೈದ್ಯ ತನ್ನ ನೆನಪಿನಲ್ಲಿ ದಾಖಲಿಸಿದನು.

ಡ್ಯೂಕನ ಆಪ್ತ ಸಹಾಯಕನಾಗಿದ್ದ ಅಲೆಕ್ಸಾಂಡರ್ ಗಾರ್ಡನ್ ಆ ರಾತ್ರಿ ಗಾಯದಿಂದ ತೀರಿಕೊಂಡನು. ಬೆಳಗಿನ ಜಾವ ವೈದ್ಯನು ಡ್ಯೂಕನನ್ನು ಎಬ್ಬಿಸಿ, ಗಾರ್ಡನ್ ತೀರಿಕೊಂಡ ಸುದ್ದಿಯನ್ನೂ ಸತ್ತವರ ಪಟ್ಟಿಯನ್ನೂ ತಿಳಿಸತೊಡಗಿದನು. ಹಿಂದಿನ ದಿನದ ಧೂಳು ಬೆವರುಗಳನ್ನು ತೊಳೆಯದೆಯೇ ಡ್ಯೂಕನು ಮಲಗಿದ್ದನು. ವೈದ್ಯನು ಪಟ್ಟಿ ಹೇಳುತ್ತಿರುವಾಗ ತನ್ನ ಕೈಯ ಮೇಲೆ ಹನಿಗಳು ಬೀಳುವುದನ್ನು ಕಂಡು ತಲೆಯೆತ್ತಿದರೆ, ಆ ಧೂಳುಗಟ್ಟಿದ ಕೆನ್ನೆಗಳ ಮೇಲೆ ಕಣ್ಣೀರು ಗೆರೆಗಳನ್ನು ಕೊರೆದು ಇಳಿಯುತ್ತಿತ್ತು. ಜಗತ್ತಿನ ಅತಿ ಪ್ರಸಿದ್ಧ ವಿಜಯಗಳಲ್ಲೊಂದನ್ನು ಗಳಿಸಿ ಕೆಲವೇ ಗಂಟೆಗಳಾಗಿದ್ದವು. ಎರಡೂ ಕಡೆಯವರನ್ನು ಸೇರಿಸಿದರೆ ಆ ಒಂದೇ ದಿನ ಸತ್ತವರೂ ಗಾಯಗೊಂಡವರೂ ನಲವತ್ತು ಸಾವಿರಕ್ಕೂ ಮಿಗಿಲು.

ಒಂದು ಮಿ.ಮೀ.ಗಿಂತ ಚಿಕ್ಕದಾದ ಕಣ್ಣಿನ ಕೆಳಗೆ ಧೂಳಿನ ಛಾಯೆಯನ್ನು ಹಚ್ಚಬೇಕೋ ಬಿಡಬೇಕೋ ಎಂಬುದು ಹೀಗೆ ಕೇವಲ ಕುಂಚದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಗೆದ್ದವನ ಮುಖವನ್ನು ಹೇಗೆ ನೆನೆಯಬೇಕೆಂಬ ಪ್ರಶ್ನೆಯಾಗುತ್ತದೆ. ಇಂತಹದೇ ಇನ್ನೊಂದು ಪ್ರಶ್ನೆಯನ್ನು ನಮ್ಮ ನೆಲದ ಪ್ರಸಂಗವೂ ಎತ್ತುತ್ತದೆ. ಧೋಂಡಿಯಾ ಸತ್ತ ದಿನ ಅವನ ಸಾಮಾನು ಸರಂಜಾಮಿನ ನಡುವೆ ಸುಮಾರು ನಾಲ್ಕು ವರ್ಷದ ಮಗುವೊಂದು ಸಿಕ್ಕಿತು. ಅವನೇ ಧೋಂಡಿಯಾನ ಮಗ ಸಲಾಬತ್ ಖಾನ್. ತಂದೆಯನ್ನು ಕೊಂದ ಪಡೆಯ ನಾಯಕನೇ ಆ ಮಗುವನ್ನು ತನ್ನ ಡೇರೆಗೆ ತರಿಸಿಕೊಂಡು ಸಾಕಿದನು. ೧೮೦೫ರಲ್ಲಿ ಭಾರತವನ್ನು ಬಿಟ್ಟುಹೋಗುವಾಗ ಅವನ ಪಾಲನೆಗೆಂದು ಹಣವನ್ನಿಟ್ಟು ಹೋದನು. ಹುಡುಗ ಬೆಳೆದು ಮೈಸೂರು ದೊರೆಗಳ ಸೇವೆಗೆ ಸೇರಿ ೧೮೨೨ರಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು. ಕೊಂದ ಕೈ, ಸಾಕಿದ ಕೈ ಎರಡೂ ಒಂದೇ. ಗೊಂಬೆಯ ಕೈಗೆ ಬಣ್ಣ ಹಚ್ಚುವವನು ಎರಡನ್ನೂ ಬಲ್ಲವನಾಗಿದ್ದರೆ ಆ ಬಣ್ಣಕ್ಕೊಂದು ತೂಕ ಬರುತ್ತದೆ.

ಗೊಂಬೆಗಳಿಗಾಗಿ ಸಾಲಗಾರನಾದವನು

ಕಿರುಗೊಂಬೆಗಳಲ್ಲಿ ಸತ್ಯವನ್ನು ಹೇಳಹೊರಟವನ ಪಾಡು ಏನಾಯಿತೆಂಬುದಕ್ಕೆ ವಿಲಿಯಂ ಸೈಬೋರ್ನ್ ಎಂಬ ಸೇನಾಧಿಕಾರಿಯ ಕಥೆಯೇ ಸಾಕ್ಷಿ. ೧೮೩೦ರಲ್ಲಿ ಅವನಿಗೆ ವಾಟರ್ಲೂ ಯುದ್ಧದ ಮಾದರಿಯೊಂದನ್ನು ನಿರ್ಮಿಸುವ ಕೆಲಸ ದೊರೆಯಿತು. ಅವನು ರಣಭೂಮಿಯ ನಡುವಣ ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ತಂಗಿ ನೆಲವನ್ನು ಅಳೆದನು. ಸಂಜೆ ಏಳು ಗಂಟೆಯ ಹೊತ್ತಿಗೆ ನೀವು ಎಲ್ಲಿದ್ದಿರಿ, ಎದುರಿಗೆ ಯಾರಿದ್ದರು, ಹೊಲದಲ್ಲಿ ಯಾವ ಪೈರಿತ್ತು ಎಂದು ಬದುಕುಳಿದಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದನು. ನೂರಾರು ಉತ್ತರಗಳು ಬಂದವು. ನಡುದಾರಿಯಲ್ಲಿ ಸರ್ಕಾರ ಹಣ ನಿಲ್ಲಿಸಿತು. ಆತ ತನ್ನ ಹಣವನ್ನೂ ಸಾಲದ ಹಣವನ್ನೂ ಸುರಿದು ಕೆಲಸ ಮುಂದುವರಿಸಿದನು. ೧೮೩೮ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಾಗ ಅದು ಸುಮಾರು ೪೦೦ ಚದರ ಅಡಿಯ ಮಾದರಿ. ಅದರಲ್ಲಿ ಒಂದು ಸೆಂಟಿಮೀಟರ್ ಎತ್ತರದ, ಬಣ್ಣ ಹಚ್ಚಿದ ಎಪ್ಪತ್ತೈದು ಸಾವಿರ ತವರ-ಸೀಸದ ಸೈನಿಕರು.

ತೊಡಕು ಬಂದದ್ದು ಪ್ರಷ್ಯದ ಸೈನಿಕರಿಂದ. ನೆಪೋಲಿಯನ್ನನ ಅಂತಿಮ ದಾಳಿಯ ಹೊತ್ತಿಗೆ ಮಿತ್ರರಾದ ಪ್ರಷ್ಯನ್ನರು ಅಪಾರ ಸಂಖ್ಯೆಯಲ್ಲಿ ರಣರಂಗವನ್ನು ಹೊಕ್ಕಿದ್ದರೆಂದು ಸೈಬೋರ್ನನಿಗೆ ದೊರೆತ ಆಧಾರಗಳು ಹೇಳುತ್ತಿದ್ದವು. ಅವನು ಅಂತೆಯೇ ಗೊಂಬೆಗಳನ್ನಿಟ್ಟನು. ಆದರೆ ಆ ನೋಟವು ವಿಜಯದ ಪಾಲನ್ನು ಹಂಚಿಹಾಕುತ್ತಿತ್ತು. ಡ್ಯೂಕನ ಸಮೀಪವರ್ತಿಗಳಿಗೆ ಅದು ರುಚಿಸಲಿಲ್ಲ. ಡ್ಯೂಕನ ವರದಿಗೆ ಇದು ಹೊಂದುವುದಿಲ್ಲವೆಂಬ ಒತ್ತಡ ಬೆಳೆಯಿತು. ಕೊನೆಗೆ ಪ್ರಷ್ಯದ ಗೊಂಬೆಗಳಲ್ಲಿ ಬಹುಭಾಗವನ್ನು ಮಾದರಿಯಿಂದ ತೆಗೆಯಲಾಯಿತು. ಸೈಬೋರ್ನ್ ಹಾಕಿದ ಹಣವನ್ನು ಮರಳಿ ಪಡೆಯಲಾರದೆ ೧೮೪೯ರಲ್ಲಿ ತೀರಿಕೊಂಡನು. ಆ ಮಾದರಿ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದ ಪಾಲಾಯಿತು. ಅವನು ತರಿಸಿಕೊಂಡ ಪತ್ರಗಳಲ್ಲಿ ಅನೇಕವನ್ನು ಮಗನು ೧೮೯೧ರಲ್ಲಿ ಪ್ರಕಟಿಸಿದನು. ವಾಟರ್ಲೂವಿನ ಇತಿಹಾಸ ಬರೆಯುವವರಿಗೆಲ್ಲ ಅವು ಆಧಾರವಾಗಿವೆ.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನಿಟ್ಟು ನೋಡುವುದು ಉಚಿತ. ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮೇಲೆ ೧೭೮೦ರ ಪೊಲ್ಲಿಲೂರು ಕಾಳಗದ ಚಿತ್ರವಿದೆ. ಹೈದರನೂ ಟಿಪ್ಪುವೂ ಇಂಗ್ಲಿಷರನ್ನು ಸೋಲಿಸಿದ ಕಾಳಗವದು. ಚೌಕಟ್ಟಿನ ನಡುವೆ ಇಂಗ್ಲಿಷರ ಪಡೆ ದಿಕ್ಕೆಟ್ಟು ನಿಂತಿದೆ. ವೆಲ್ಲೆಸ್ಲಿ ಅಲ್ಲಿ ವಾಸಕ್ಕೆ ಬರುವ ಹೊತ್ತಿಗೆ ಚಿತ್ರಗಳು ಅಳಿಸಿಹೋಗಿದ್ದವು; ಅವುಗಳನ್ನು ಮತ್ತೆ ಬಿಡಿಸುವಂತೆ ಅವನೇ ಏರ್ಪಾಡು ಮಾಡಿದನೆಂದು ಗ್ಯಾಸೆಟಿಯರುಗಳು ತಿಳಿಸುತ್ತವೆ. ಹೀಗೆ ತನ್ನವರ ಸೋಲಿನ ಚಿತ್ರವನ್ನು ತರುಣ ಕರ್ನಲ್ಲನು ಗೋಡೆಯ ಮೇಲೆ ಉಳಿಸಿದನು. ನಲವತ್ತು ವರ್ಷಗಳ ಬಳಿಕ, ತನ್ನ ಗೆಲುವಿನ ಮಾದರಿಯಲ್ಲಿ ಇತರರಿಗೂ ಪಾಲಿರುವುದು ಅವನ ಬಳಗಕ್ಕೆ ಸಹನೆಯಾಗಲಿಲ್ಲ. ಸೋಲನ್ನು ಒಪ್ಪಿಕೊಳ್ಳುವುದಕ್ಕಿಂತ ಗೆಲುವನ್ನು ಹಂಚಿಕೊಳ್ಳುವುದು ಕಷ್ಟವೆಂಬ ಮಾತು ಮನೆತನಗಳಿಗೂ ಸಂಘಸಂಸ್ಥೆಗಳಿಗೂ ಹೊಸದಲ್ಲ.

ಮನೆಯ ಮಕ್ಕಳಿಗೊಂದು ಮಾತು

ನಮ್ಮ ನೆಲವನ್ನು ಗೆದ್ದಾಳಿದವನ ಗೊಂಬೆಗೆ ನಾವು ಬಣ್ಣ ಹಚ್ಚುವುದೇಕೆ, ಯುದ್ಧದ ಗೊಂಬೆಗಳಿಂದ ಮಕ್ಕಳಲ್ಲಿ ಹಿಂಸೆಯ ಮೋಹ ಬೆಳೆಯುವುದಿಲ್ಲವೆ ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಕೇವಲ ಹೊಳೆಯುವ ಕತ್ತಿ, ಬಂಗಾರದ ಗುಂಡಿಗಳನ್ನು ಬರೆದು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಆ ಭಯ ನಿಜವಾದೀತು. ಆದರೆ ಕೋಟಿನ ಬಣ್ಣ ಯಾವ ವರ್ಷದ್ದೆಂದು ಪುಸ್ತಕ ತೆರೆದವನು, ಕುದುರೆಯ ಕೇಸರ ಯಾವ ಬಣ್ಣದ್ದೆಂದು ವಿಚಾರಿಸಿದವನು, ತುಳಿದ ಪೈರು ಯಾರದೆಂದು ಕೇಳಿದವನು, ಧೂಳಿನ ಕೆನ್ನೆಯ ಕಣ್ಣೀರನ್ನು ಅರಿತವನು ಯುದ್ಧವನ್ನು ಮೊದಲಿನಂತೆ ಮೋಹದಿಂದ ನೋಡಲಾರನು. ವೈರಿಯಾದವನನ್ನೂ ಇದ್ದಂತೆಯೇ ಬರೆಯಬೇಕೆಂಬ ಶಿಸ್ತು ದ್ವೇಷಕ್ಕೂ ದೊಡ್ಡ ಮದ್ದು, ಕುರುಡು ಭಕ್ತಿಗೂ ದೊಡ್ಡ ಮದ್ದು.

ಒಂದು ಗೊಂಬೆ ಮುಗಿಯಲು ಬಿಡುವಿನ ವೇಳೆಯ ಹಲವು ಸಂಜೆಗಳು ಬೇಕು. ರಜೆಯಲ್ಲಿ ಮನೆಯ ಮಕ್ಕಳಿಗೆ ಇಂಥದೊಂದು ಕೆಲಸವನ್ನು ಹಚ್ಚಿಕೊಟ್ಟು, ಹಿರಿಯರು ಪಕ್ಕದಲ್ಲಿ ಕುಳಿತು ಆ ಮನುಷ್ಯನ ಕಥೆಯನ್ನು ಒಳ್ಳೆಯದು ಕೆಟ್ಟದು ಎರಡನ್ನೂ ಸೇರಿಸಿ ಹೇಳಿದರೆ, ಕೈಗೆ ಸ್ಥಿರತೆಯೂ ಕಣ್ಣಿಗೆ ಸೂಕ್ಷ್ಮತೆಯೂ ಬರುವುದರ ಜೊತೆಗೆ ಇತಿಹಾಸವು ಬಾಯಿಪಾಠವಾಗದೆ ಮನಸ್ಸಿಗಿಳಿಯುತ್ತದೆ. ಆರಿಸಿಕೊಳ್ಳುವ ಸೇನಾನಿ ಯಾರೇ ಆಗಲಿ, ಬಣ್ಣ ಹಚ್ಚುವ ಮುನ್ನ ಅವನ ಬದುಕನ್ನು ಓದಿಸಬೇಕು. ಹಚ್ಚಿ ಮುಗಿಸಿದ ಮೇಲೆ ಪೀಠದ ಕೆಳಗೆ ಹೆಸರಿನೊಡನೆ ವರ್ಷವನ್ನೂ ಬರೆಯಿಸಬೇಕು. ಹಾಗೆ ಬರೆದಿಟ್ಟ ವರ್ಷಕ್ಕೆ ಗೊಂಬೆಯ ಒಂದೊಂದು ಗುಂಡಿಯೂ ಸಾಕ್ಷಿ ಹೇಳುವಂತಿದ್ದರೆ, ಆ ಮಗುವಿನ ಶ್ರಮ ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.